ಎಳ್ಳೆಣ್ಣೆಯಲ್ಲಿ ಎಳ್ಳು ಎರಡು ಸಲ: ಮನೆಯೊಳಗಿನ ಮಾತುಗಳು ಎಲ್ಲಿಂದ ಬಂದವು?

ಎಳ್ಳೆಣ್ಣೆ ಎಂಬ ಮಾತನ್ನು ಬಿಡಿಸಿ ನೋಡಿದರೆ ಅದರೊಳಗೆ ಎಳ್ಳು ಎರಡು ಸಲ ಸಿಗುತ್ತದೆ. ಎಣ್ಣೆ ಎಂಬುದೇ ಎಳ್ ಮತ್ತು ನೆಯ್ ಎಂಬ ಎರಡು ಹಳೆಯ ಪದಗಳು ಕೂಡಿ ಆದ ಮಾತು. ನೆಯ್ ಎಂದರೆ ಜಿಡ್ಡು. ತಮಿಳಿನಲ್ಲಿ ಇವತ್ತಿಗೂ ತುಪ್ಪಕ್ಕೆ ಅದೇ ಹೆಸರು. ಎಳ್ ಎಂದು ಉಚ್ಚರಿಸಿ, ನಾಲಿಗೆಯ ತುದಿ ಮೇಲಕ್ಕೆ ಮಡಿಚಿಕೊಂಡಿರುವಾಗಲೇ ನೆಯ್ ಎನ್ನಲು ಹೋಗಿ ನೋಡಿ. ನಾಲಿಗೆ ಹಲ್ಲಿನ ಕಡೆಗೆ ಇಳಿಯುವಷ್ಟು ಪುರುಸೊತ್ತು ಸಿಗುವುದಿಲ್ಲ. ಬರಬೇಕಾದ ನಕಾರ ಅಂಗುಳಿಗೆ ತಗಲಿ ಣಕಾರವಾಗುತ್ತದೆ, ಪಕ್ಕದ ಳಕಾರವೂ ಅದರಲ್ಲೇ ಕರಗಿ ಣ್ಣ ಆಗುತ್ತದೆ. ಹೀಗೆ ನಾಲಿಗೆಯ ಸೋಮಾರಿತನದಿಂದ ಹುಟ್ಟಿದ ಎಣ್ಣೆ ಮೊದಲಿಗೆ ಎಳ್ಳಿನಿಂದ ತೆಗೆದ ಜಿಡ್ಡಿನ ಹೆಸರಾಗಿತ್ತು. ಆಮೇಲೆ ಕೊಬ್ಬರಿಯಿಂದ, ಹರಳಿನಿಂದ, ಕಡಲೆಕಾಯಿಯಿಂದ ತೆಗೆದದ್ದಕ್ಕೂ ಅದೇ ಹೆಸರು ಹಬ್ಬಿತು. ಹಬ್ಬಿದ ಮೇಲೆ ಎಳ್ಳಿನದನ್ನೇ ಗುರುತಿಸಿ ಹೇಳಬೇಕಾದಾಗ ಇನ್ನೊಂದು ಎಳ್ಳನ್ನು ಮುಂದೆ ಸೇರಿಸಬೇಕಾಯಿತು.

ಇದು ಕನ್ನಡಕ್ಕೆ ಮಾತ್ರ ಒದಗಿದ ಪಾಡಲ್ಲ. ಸಂಸ್ಕೃತದ ತೈಲವು ತಿಲದಿಂದ, ಅಂದರೆ ಎಳ್ಳಿನಿಂದಲೇ ಬಂದದ್ದು. ಎಳ್ಳು ಕಡಿಮೆ ಬೆಳೆದು ಆಲಿವ್ ಹೆಚ್ಚು ಬೆಳೆದ ಮೆಡಿಟರೇನಿಯನ್ ತೀರದಲ್ಲಿ ಆಲಿವ್ ಮರದ ಗ್ರೀಕ್ ಹೆಸರಿನಿಂದ ಎಣ್ಣೆಯ ಹೆಸರು ಹುಟ್ಟಿತು. ಅದು ಲ್ಯಾಟಿನ್ ದಾಟಿ ಇಂಗ್ಲಿಷಿನಲ್ಲಿ ಆಯಿಲ್ ಆಯಿತು. ಯಾವ ನಾಡಿನಲ್ಲಿ ಮೊದಲು ಯಾವುದನ್ನು ಹಿಂಡಿದರೋ ಅದರ ಹೆಸರೇ ಮುಂದೆ ಹಿಂಡಿದ್ದಕ್ಕೆಲ್ಲ ಉಳಿಯಿತು.

ನವೆಂಬರ್ ಬಂತೆಂದರೆ ‘ಕುರ್ಚಿ ಕನ್ನಡದ ಮಾತೇ, ಕಿಟಕಿ ಎಲ್ಲಿಯದು, ಚಾವಿಗೆ ಕನ್ನಡದಲ್ಲಿ ಏನು’ ಎಂಬ ಪ್ರಶ್ನೆಗಳು ಮನೆಮನೆಯಲ್ಲೂ ಮೊಬೈಲಿನಲ್ಲೂ ಓಡಾಡತೊಡಗುತ್ತವೆ. ಯಾವ ಮಾತನ್ನು ಬಳಸಬೇಕು, ಯಾವುದನ್ನು ಬಿಡಬೇಕು ಎಂಬ ಚರ್ಚೆಗೆ ಈ ಲೇಖನ ಕೈಹಾಕುವುದಿಲ್ಲ. ಆ ಮಾತುಗಳು ಹೇಗೆ ಹುಟ್ಟಿದವು, ಯಾವ ದಾರಿಯಲ್ಲಿ ಬಂದವು, ಹಾಗೆಂದು ಹೇಳುವುದಕ್ಕೆ ಆಧಾರವೇನು ಎಂಬುದಷ್ಟೇ ಇಲ್ಲಿನ ವಿಷಯ.

ಪಾತ್ರೆಯ ಮೇಲೆ ಕೊರೆದ ಹೆಸರು

ನಮ್ಮ ಮನೆಗಳಲ್ಲಿ ಸ್ಟೀಲಿನ ಪಾತ್ರೆಗಳ ಅಂಚಿನ ಮೇಲೆ ಹೆಸರು ಕೊರೆಸುವ ರೂಢಿಯಿದೆ. ಅಕ್ಕಪಕ್ಕದ ಮನೆಗಳ ನಡುವೆ ಸಾರು, ಪಲ್ಯ ಓಡಾಡುವಾಗ ಪಾತ್ರೆಗಳೂ ಓಡಾಡುತ್ತವೆ, ಕೆಲವು ಹಿಂತಿರುಗದೆ ಅಲ್ಲೇ ಉಳಿಯುತ್ತವೆ. ವರ್ಷಗಟ್ಟಲೆ ತಿಕ್ಕಿದ ಮೇಲೆ ಕೊರೆದ ಹೆಸರು ಅಳಿಸಿದಂತಾದರೂ ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೆರಡು ಅಕ್ಷರ ಕಾಣಿಸುತ್ತದೆ. ಪದಗಳ ಮೂಲವನ್ನು ಹುಡುಕುವ ಕೆಲಸ, ಅಂದರೆ ನಿಷ್ಪತ್ತಿಶಾಸ್ತ್ರ, ಹೆಚ್ಚುಕಡಿಮೆ ಹೀಗೆ ಪಾತ್ರೆಯನ್ನು ಓರೆಯಾಗಿ ಹಿಡಿದು ನೋಡುವ ಕೆಲಸವೇ.

ಕನ್ನಡದ ಪದಗಳನ್ನು ವ್ಯಾಕರಣಕಾರರು ಬಹು ಹಿಂದಿನಿಂದಲೂ ಗುಂಪು ಮಾಡಿ ನೋಡಿದ್ದಾರೆ. ಇಲ್ಲಿಯ ನೆಲದವೇ ಆದ ಮನೆ, ಒಲೆ, ನೀರು, ಉಪ್ಪು ಮುಂತಾದವು ದೇಶ್ಯ. ಇವುಗಳಿಗೆ ತಮಿಳು, ತೆಲುಗು, ತುಳು, ಮಲಯಾಳಗಳಲ್ಲಿ ಒಡಹುಟ್ಟಿದವರಿದ್ದಾರೆ, ಏಕೆಂದರೆ ಈ ಭಾಷೆಗಳೆಲ್ಲ ದ್ರಾವಿಡ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಸಂಸ್ಕೃತದಿಂದ ರೂಪ ಬದಲಾಗದೆ ಬಂದ ದೀಪ, ವಸ್ತ್ರ, ಪುಸ್ತಕದಂಥವು ತತ್ಸಮ. ಸಂಸ್ಕೃತದಿಂದ ನೇರವಾಗಿಯೋ ಪ್ರಾಕೃತದ ಮೂಲಕವೋ ಬಂದು, ಕನ್ನಡದ ನಾಲಿಗೆಗೆ ಒಗ್ಗುವಂತೆ ರೂಪ ಬದಲಿಸಿಕೊಂಡವು ತದ್ಭವ: ಪರ್ವವು ಹಬ್ಬವಾದಂತೆ, ಫಲಕವು ಹಲಗೆಯಾದಂತೆ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ರೂಪಾಂತರಗಳಿಗೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಇವು ಮೂರಕ್ಕೂ ಸೇರದೆ ಅರಬ್ಬಿ, ಪರ್ಷಿಯನ್, ಪೋರ್ಚುಗೀಸ್, ಇಂಗ್ಲಿಷ್ ಮುಂತಾದ ಭಾಷೆಗಳಿಂದ ಬಂದವನ್ನು ಅನ್ಯದೇಶ್ಯ ಎನ್ನುತ್ತಾರೆ. ಒಂದೇ ಕೋಣೆಯಲ್ಲಿ ನಿಂತು ಸುತ್ತ ನೋಡಿದರೆ ಈ ನಾಲ್ಕೂ ಬಗೆಯವು ಕಣ್ಣಿಗೆ ಬೀಳುತ್ತವೆ.

ಪಕಾರ ಹಕಾರವಾದ ಕಥೆ, ಅದರಿಂದ ಸಿಗುವ ಒಂದು ಪರೀಕ್ಷೆ

ಒಂದು ಪದ ಇಲ್ಲಿಯದೋ ಹೊರಗಿನದೋ ಎಂಬುದನ್ನು ಪಂಡಿತರು ಬರಿಯ ಊಹೆಯ ಮೇಲೆ ಹೇಳುವುದಿಲ್ಲ. ಅವರಿಗೆ ದೊಡ್ಡ ಸಾಕ್ಷಿಯೆಂದರೆ ಧ್ವನಿಯ ಬದಲಾವಣೆ. ಭಾಷೆಯಲ್ಲಿ ಒಂದು ಧ್ವನಿ ಬದಲಾದರೆ ಅದು ಒಂದೆರಡು ಪದಗಳಲ್ಲಿ ಬದಲಾಗಿ ಸುಮ್ಮನಾಗುವುದಿಲ್ಲ. ಆ ಧ್ವನಿ ಇರುವ ಹೆಚ್ಚಿನ ಪದಗಳಲ್ಲೆಲ್ಲ ಬದಲಾಗುತ್ತದೆ. ಹಳಗನ್ನಡದಲ್ಲಿ ಪಾಲ್ ಎನ್ನುತ್ತಿದ್ದುದು ಇಂದಿನ ಹಾಲು. ತಮಿಳಿನಲ್ಲಿ ಅದು ಈಗಲೂ ಪಾಲ್, ತೆಲುಗಿನಲ್ಲಿ ಪಾಲು. ಪೂ ಹೂವಾಯಿತು, ಪಾಸು ಎಂಬುದರಿಂದ ಹಾಸು, ಹಾಸಿಗೆಗಳಾದವು, ಗೋಡೆಯ ಮೇಲಿನ ಪಲ್ಲಿ ಹಲ್ಲಿಯಾಯಿತು. ಸುಮಾರು 10ನೆಯ ಶತಮಾನದ ಹೊತ್ತಿಗೆ ಅಲ್ಲಲ್ಲಿ ಕಾಣಿಸಿಕೊಂಡ ಈ ಬದಲಾವಣೆ ನಡುಗನ್ನಡದ ಕಾಲಕ್ಕೆ ನೆಲೆಯೂರಿತು.

ಇದರಿಂದ ಒಂದು ಉಪಯೋಗವಿದೆ. ಆ ಬದಲಾವಣೆ ನಡೆಯುವಾಗ ಕನ್ನಡದಲ್ಲಿ ಆಗಲೇ ಇದ್ದ ಪದಗಳು ಹಕಾರಕ್ಕೆ ತಿರುಗಿದವು. ಸಂಸ್ಕೃತದಿಂದ ಬಹಳ ಮೊದಲೇ ಬಂದು ಮನೆಯವರೇ ಆಗಿಹೋಗಿದ್ದವೂ ತಿರುಗಿದವು: ಪುಸ್ತಕದಿಂದ ಆದ ಪೊತ್ತಗೆ ಹೊತ್ತಗೆಯಾಯಿತು. ಬದಲಾವಣೆ ಮುಗಿದ ಮೇಲೆ ಬಂದವು ಪಕಾರವನ್ನು ಹಾಗೆಯೇ ಉಳಿಸಿಕೊಂಡವು. ಪರದೆ, ಪೈಜಾಮ, ಪಗಾರ, ಪೆನ್ನು, ಪಂಪು ಇವೆಲ್ಲ ಬಾಗಿಲು ಮುಚ್ಚಿದ ಮೇಲೆ ಬಂದ ಅತಿಥಿಗಳು. ಆದ್ದರಿಂದ ಇಂದಿನ ಕನ್ನಡದಲ್ಲಿ ಪಕಾರದಿಂದ ಶುರುವಾಗುವ ಮನೆಮಾತು ಕಂಡರೆ ಅದು ಒಂದೋ ಸಂಸ್ಕೃತದ ರೂಪವನ್ನು ಹಾಗೆಯೇ ಇಟ್ಟುಕೊಂಡದ್ದು, ಇಲ್ಲವೇ ತಡವಾಗಿ ಬಂದದ್ದು ಎಂದು ಶಂಕಿಸಬಹುದು. ‘ಪಡೆ’ ಎಂಬ ಕ್ರಿಯಾಪದದಂತೆ ತಪ್ಪಿಸಿಕೊಂಡವು ಕೆಲವು ಇವೆ, ಹಾಗಾಗಿ ಇದನ್ನು ಶಂಕೆಗೆ ದಾರಿ ಎಂದು ಮಾತ್ರ ಹಿಡಿಯಬೇಕು, ತೀರ್ಪು ಎಂದಲ್ಲ.

ಇಂಥದೇ ಇನ್ನೊಂದು ನಿಯಮ ವಕಾರದ್ದು. ತಮಿಳಿನ ವಕಾರಕ್ಕೆ ಪದದ ಮೊದಲಲ್ಲಿ ಕನ್ನಡ ಬಕಾರದಿಂದ ಉತ್ತರ ಕೊಡುತ್ತದೆ: ಅಲ್ಲಿ ವೇರ್, ಇಲ್ಲಿ ಬೇರು, ಅಲ್ಲಿ ವೆಳ್ಳಿ, ಇಲ್ಲಿ ಬೆಳ್ಳಿ. ಬೆಳ್ ಎಂದರೆ ಬಿಳುಪು. ಅದಕ್ಕೆ ಮತ್ತೆ ಅದೇ ನೆಯ್ ಸೇರಿದಾಗ ಬಿಳಿಯ ಜಿಡ್ಡು, ಅಂದರೆ ಬೆಣ್ಣೆ. ಬಿಳಿಯ ಉಳ್ಳಿ ಬೆಳ್ಳುಳ್ಳಿ, ಬಿಳಿಯ ತಿಂಗಳು ಬೆಳದಿಂಗಳು, ಬಿಳಿಯ ಕೊಳ ಬೆಳ್ಗೊಳ. ನೆಯ್ ಎಂಬುದು ಒಂಟಿಯಾಗಿ ಕನ್ನಡದ ಅಡುಗೆಮನೆಯಿಂದ ಮರೆಯಾಗಿ ಎಷ್ಟೋ ಕಾಲವಾಗಿದ್ದರೂ ಎಣ್ಣೆ, ಬೆಣ್ಣೆ ಎರಡರ ಬೆನ್ನಿಗೂ ಅಂಟಿಕೊಂಡು ಉಳಿದಿದೆ.

ಬಾಗಿಲಿಗೂ ಇದೇ ನಿಯಮದಿಂದ ಬೆಳಕು ಸಿಗುತ್ತದೆ. ತಮಿಳಿನಲ್ಲಿ ಬಾಯಿಗೆ ವಾಯ್, ಬಾಗಿಲಿಗೆ ವಾಯಿಲ್. ಕನ್ನಡದಲ್ಲಿ ಬಾಯಿ, ಬಾಗಿಲು. ಕೊನೆಯ ಇಲ್ ಎಂಬುದನ್ನು ಮನೆ ಎಂಬರ್ಥದ ಹಳೆಯ ಪದವೆಂದು ವಿವರಿಸುತ್ತಾರೆ; ತುಳುವಿನ ಇಲ್ಲ್, ತೆಲುಗಿನ ಇಲ್ಲು ಈಗಲೂ ಮನೆಯೇ. ಅಲ್ಲಿಗೆ ಬಾಗಿಲು ಎಂದರೆ ಮನೆಯ ಬಾಯಿ. ಅಡುಗೆಯ ಗುಟ್ಟು ಇನ್ನೂ ಸರಳ: ಬೇಯಿಸು ಎಂಬರ್ಥದ ಅಡು ಎಂಬ ಕ್ರಿಯಾಪದ ಹಳಗನ್ನಡದಲ್ಲಿತ್ತು, ಅದಕ್ಕೆ ಗೆ ಪ್ರತ್ಯಯ ಹತ್ತಿದ್ದರಿಂದ ಅಡುಗೆ. ಮಕ್ಕಳ ಕಥೆಗಳಲ್ಲಿ ಬರುವ ಅಡುಗೂಲಜ್ಜಿಯೂ ಇದೇ ಅಡು ಎಂಬುದಕ್ಕೆ ಸೇರಿದವಳು. ಕೂಳು ಅಡುವ, ಅಂದರೆ ಅನ್ನ ಬೇಯಿಸಿ ಹಾಕುವ ಅಜ್ಜಿ ಅವಳು.

ಗೋಡೆಯ ತೂತಿಗೆ ಎಷ್ಟು ಹೆಸರು

ಬಾಗಿಲು ಬಾಯಿಯಾದರೆ ಕಿಟಕಿ ಏನು? ಹೆಸರಿಡುವಾಗ ಒಂದೊಂದು ಭಾಷೆಯ ಜನ ಒಂದೇ ವಸ್ತುವಿನ ಯಾವ ಗುಣದ ಮೇಲೆ ಕಣ್ಣಿಡುತ್ತಾರೆ ಎಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸಂಸ್ಕೃತದ ಗವಾಕ್ಷ ಎಂದರೆ ಹಸುವಿನ ಕಣ್ಣು. ಗುಂಡಗೆ ಕೊರೆದ ಹಳೆಯ ಕಿಟಕಿಯ ಆಕಾರವನ್ನು ನೋಡಿ ಇಟ್ಟ ಹೆಸರದು. ಅದೇ ಸಂಸ್ಕೃತದ ಇನ್ನೊಂದು ಹೆಸರು ವಾತಾಯನ, ಗಾಳಿ ಓಡಾಡುವ ದಾರಿ. ಇಂಗ್ಲಿಷಿನ ವಿಂಡೋ ಈ ಎರಡನ್ನೂ ಒಟ್ಟು ಮಾಡಿದಂತಿದೆ: ಅದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ವಿಂಡೌಗದಿಂದ ಬಂದದ್ದು, ಅರ್ಥ ಗಾಳಿಯ ಕಣ್ಣು. ಭಾರತದವರೂ ಉತ್ತರ ಯೂರೋಪಿನವರೂ ಒಬ್ಬರನ್ನೊಬ್ಬರು ಕೇಳದೆಯೇ ಗೋಡೆಯ ತೂತಿನಲ್ಲಿ ಕಣ್ಣನ್ನು ಕಂಡರು.

ಕನ್ನಡಿಗರು ಕಂಡದ್ದು ಬೆಳಕನ್ನು. ಚಾವಣಿಯಲ್ಲೋ ಗೋಡೆಯ ಮೇಲ್ಭಾಗದಲ್ಲೋ ಬೆಳಕಿಗಾಗಿ ಬಿಡುತ್ತಿದ್ದ ತೆರಪು ಬೆಳಕಿಂಡಿ, ಬೆಳಕಿನ ಕಿಂಡಿ. ಉಡುಪಿಯ ಕನಕನ ಕಿಂಡಿಯಿಂದಾಗಿ ಕಿಂಡಿ ಎಂಬ ಮಾತನ್ನು ತಿಳಿಯದವರು ನಮ್ಮಲ್ಲಿ ಇಲ್ಲ. ಆದರೆ ದಿನಬಳಕೆಯಲ್ಲಿ ಗೆದ್ದದ್ದು ಕಿಟಕಿ. ಇದರ ಹಿಂದಿರುವುದು ಚಿಕ್ಕ ಬಾಗಿಲು ಎಂಬರ್ಥದ ಪ್ರಾಕೃತದ ಖಡಕ್ಕೀ. ಹಿಂದಿ, ಮರಾಠಿಗಳ ಖಿಡಕಿ ಅದರ ಮಗು, ಉತ್ತರ ಕರ್ನಾಟಕದ ಮಾತಿನಲ್ಲೂ ಖಿಡಕಿ ಹಾಗೆಯೇ ಇದೆ. ಕೊಂಕಣಿಯ ಜನೇಲ್, ತಮಿಳಿನ ಜನ್ನಲ್ ಬೇರೆ ಮನೆಯವು. ಅವು ಪೋರ್ಚುಗೀಸರ ಜನೆಲಾದಿಂದ ಬಂದವು, ಆ ಜನೆಲಾ ಬಾಗಿಲು ಎಂಬರ್ಥದ ಲ್ಯಾಟಿನ್ ಪದದ ಕಿರುರೂಪ. ಅಂದರೆ ಅದೂ ಚಿಕ್ಕ ಬಾಗಿಲೇ. ಪ್ರಾಕೃತದವರು ಮತ್ತು ಪೋರ್ಚುಗೀಸರು ಬೇರೆಬೇರೆ ದಾರಿಯಲ್ಲಿ ಹೋಗಿ ಒಂದೇ ಹೋಲಿಕೆಗೆ ಮುಟ್ಟಿದ್ದಾರೆ.

ಗಡಿಗೆಯೂ ಗಡಿಯಾರವೂ ಅಕ್ಕತಂಗಿಯರು

ಅಡುಗೆಮನೆಯ ಮೂಲೆಯಲ್ಲಿರುವ ಗಡಿಗೆಗೂ ಗೋಡೆಯ ಮೇಲಿನ ಗಡಿಯಾರಕ್ಕೂ ಏನು ಸಂಬಂಧ? ಎರಡೂ ಘಟ ಎಂಬ ಒಂದೇ ಮಾತಿನ ಸಂತತಿ. ಘಟವೆಂದರೆ ಮಡಕೆ; ಘಟಿಕಾ ಎಂದರೆ ಚಿಕ್ಕ ಮಡಕೆ. ಅದು ತದ್ಭವವಾಗಿ ಗಡಿಗೆಯಾಯಿತು.

ಮಡಕೆ ಕಾಲವಾದದ್ದು ಹೀಗೆ. ತಳದಲ್ಲಿ ಸೂಜಿಯಷ್ಟು ಸಣ್ಣ ತೂತಿರುವ ತಾಮ್ರದ ಬಟ್ಟಲೊಂದನ್ನು ದೊಡ್ಡ ಪಾತ್ರೆಯ ನೀರಿನ ಮೇಲೆ ತೇಲಿಬಿಡುತ್ತಿದ್ದರು. ತೂತಿನಿಂದ ನೀರು ಸ್ವಲ್ಪಸ್ವಲ್ಪವೇ ಒಳಗೆ ಏರಿ, ಅಂಚಿನವರೆಗೆ ಬಂದು, ಬಟ್ಟಲು ಒಮ್ಮೆ ಓಲಾಡಿ ಮುಳುಗುತ್ತಿತ್ತು. ಮುಳುಗಲು ಬೇಕಾಗುವ ಹೊತ್ತು ನಮ್ಮ ಲೆಕ್ಕದಲ್ಲಿ 24 ನಿಮಿಷ ಇರುವಂತೆ ತೂತನ್ನು ಹದಮಾಡಿರುತ್ತಿದ್ದರು. ಒಂದು ಹಗಲು ಒಂದು ರಾತ್ರಿ ಕೂಡಿದರೆ ಇಂಥ 60 ಮುಳುಗು. ಮುಳುಗಿದ ಕೂಡಲೇ ಕಾವಲಿನವನು ಜಾಗಟೆ ಬಾರಿಸಿ, ಬಟ್ಟಲನ್ನು ಬರಿದುಮಾಡಿ ಮತ್ತೆ ತೇಲಿಬಿಡುತ್ತಿದ್ದ. ಈ ಬಟ್ಟಲಿಗೆ ಗಳಿಗೆ ಬಟ್ಟಲು ಎಂದೇ ಹೆಸರು. ಘಟಿಕೆ ಎಂಬ ಪಾತ್ರೆಯ ಹೆಸರು ಹೀಗೆ ಅದು ಮುಳುಗುವ ಅವಧಿಗೂ ಅಂಟಿಕೊಂಡು, ಆ ಅವಧಿ ಗಳಿಗೆಯಾಯಿತು. ಗಳಿಗೆಯನ್ನು ಸಾರುವ ಸಾಧನ ಗಡಿಯಾರವಾಯಿತು. ಮುಂದೆ ಯೂರೋಪಿನಿಂದ ಮುಳ್ಳುಗಳಿರುವ ಯಂತ್ರ ಬಂದಾಗ ಅದಕ್ಕೆ ಹೊಸ ಹೆಸರು ಹುಡುಕುವ ಅಗತ್ಯ ಬೀಳಲಿಲ್ಲ. ಇವತ್ತಿನ ಗಡಿಯಾರದಲ್ಲಿ ನೀರೂ ಇಲ್ಲ, ಮಡಕೆಯೂ ಇಲ್ಲ, 24 ನಿಮಿಷದ ಲೆಕ್ಕವೂ ಇಲ್ಲ. ಹೆಸರಿನಲ್ಲಿ ಮಾತ್ರ ಮೂರೂ ಇವೆ.

ಸಿಂಹಾಸನ ಕುರ್ಚಿಯಾದದ್ದು, ಮುಖದ ಬಟ್ಟೆ ತಲೆಗೇರಿದ್ದು

1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಂದಿನಿಂದ, ವಿಜಯಪುರದ ಆದಿಲಶಾಹಿಗಳ ಕಾಲವನ್ನು ಹಾದು, 1799ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆ ಮುಗಿಯುವವರೆಗೆ ಕರ್ನಾಟಕದ ಒಂದಲ್ಲ ಒಂದು ಭಾಗದಲ್ಲಿ ಆಡಳಿತದ ಕಾಗದಪತ್ರಗಳಿಗೆ ಪರ್ಷಿಯನ್ ಭಾಷೆ ಬಳಕೆಯಲ್ಲಿತ್ತು. ಅರಬ್ಬಿಯ ಪದಗಳೂ ಹೆಚ್ಚಾಗಿ ಅದರ ಹೆಗಲೇರಿಯೇ ಬಂದವು. ಕಚೇರಿಯ ಮಾತುಗಳಷ್ಟೇ ಬಂದಿದ್ದರೆ ಆಶ್ಚರ್ಯವಿರಲಿಲ್ಲ. ಕಾಗದ, ಪರದೆ, ಚಾಕು, ಚಮಚ, ಮೇಜು, ಕಿಸೆ, ಜೇಬು ಹೀಗೆ ಮನೆಯ ಒಳಕೋಣೆಯವರೆಗೂ ಅವು ಬಂದು ಕುಳಿತವು.

ಕುರ್ಚಿಯ ವಂಶಾವಳಿ ಇವುಗಳಲ್ಲೆಲ್ಲ ಉದ್ದವಾದದ್ದು. ಅರಬ್ಬಿಯಲ್ಲಿ ಅದು ಕುರ್ಸಿ, ಅರ್ಥ ಸಿಂಹಾಸನ, ಪೀಠ. ಅರಬ್ಬಿಗೆ ಅದು ಅರಾಮಿಕ್ ಭಾಷೆಯಿಂದ ಬಂತು, ಅರಾಮಿಕ್ಕಿಗೆ ಪ್ರಾಚೀನ ಬ್ಯಾಬಿಲೋನಿನವರ ಅಕ್ಕೇಡಿಯನ್ ಭಾಷೆಯ ಕುಸ್ಸುವಿನಿಂದ, ಅದಕ್ಕೂ ಹಿಂದೆ ಸುಮೇರಿಯನ್ನಿನಿಂದ. ಮಣ್ಣಿನ ಹಲಗೆಗಳ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ರಾಜರೂ ದೇವತೆಗಳೂ ಕೂರುತ್ತಿದ್ದ ಆಸನದ ಹೆಸರು ಕೈಯಿಂದ ಕೈಗೆ ದಾಟಿ ಈಗ ಮದುವೆಮನೆಯಲ್ಲಿ ಒಂದರ ಮೇಲೊಂದು ಪೇರಿಸಿಡುವ ಪ್ಲಾಸ್ಟಿಕ್ ಆಸನಕ್ಕೆ ಬಂದು ನಿಂತಿದೆ. ಕುರ್ಸಿಯ ಸಕಾರ ಚಕಾರವಾದದ್ದು ನಮ್ಮ ನೆರೆಯಲ್ಲೇ. ಮರಾಠಿಯಲ್ಲೂ ಅದು ಖುರ್ಚಿ.

ರುಮಾಲು ಇದಕ್ಕೆ ತಿರುಗಿ ನಡೆದಿದೆ, ಕೆಳಗಿನಿಂದ ಮೇಲಕ್ಕೆ. ಪರ್ಷಿಯನ್ನಿನಲ್ಲಿ ರೂ ಎಂದರೆ ಮುಖ, ಮಾಲ್ ಎಂದರೆ ಒರೆಸುವುದು. ರೂಮಾಲ್ ಎಂದರೆ ಮುಖ ಒರೆಸಿಕೊಳ್ಳುವ ತುಂಡುಬಟ್ಟೆ. ಕನ್ನಡದಲ್ಲಿ ಅದು ಮುಖವನ್ನು ಬಿಟ್ಟು ತಲೆಗೇರಿ ಪೇಟವಾಯಿತು. ರುಮಾಲು ಸುತ್ತಿಕೊಂಡ ಯಜಮಾನರಿಗೆ ಅದರ ಪರ್ಷಿಯನ್ ಅರ್ಥವನ್ನು ಹೇಳಿದ್ದರೆ ಎಷ್ಟು ಜನ ಒಪ್ಪುತ್ತಿದ್ದರೋ!

ಜೇಬಿನ ಒಳಗೆ ಇನ್ನೊಂದು ಕೌತುಕವಿದೆ. ಭಾರತದ ಗಣಿತಜ್ಞರು ವೃತ್ತದ ಅರ್ಧಜ್ಯಾವನ್ನು, ಅಂದರೆ ವೃತ್ತದ ಎರಡು ಬಿಂದುಗಳನ್ನು ಸೇರಿಸುವ ಗೆರೆಯ ಅರ್ಧವನ್ನು, ಬಿಲ್ಲಿನ ಹೆದೆ ಎಂಬರ್ಥದಲ್ಲಿ ಜೀವಾ ಎಂದೂ ಕರೆದಿದ್ದರು. ಅರಬ್ಬರು ಅದನ್ನು ಧ್ವನಿಯನ್ನಷ್ಟೇ ಹಿಡಿದು ಬರೆದುಕೊಂಡರು. ಸ್ವರಗಳನ್ನು ಬರೆಯದ ಅವರ ಲಿಪಿಯಲ್ಲಿ ಅದೂ, ಅಂಗಿಯ ಎದೆಯ ಮಡಿಕೆ ಎಂಬರ್ಥದ ಜೈಬ್ ಎಂಬ ಪದವೂ ಒಂದೇ ಥರ ಕಂಡವು. 12ನೆಯ ಶತಮಾನದಲ್ಲಿ ಅದನ್ನು ಲ್ಯಾಟಿನ್ನಿಗೆ ತಂದವರು ಎದೆಯ ಮಡಿಕೆ ಎಂದೇ ಓದಿಕೊಂಡು ಸೈನಸ್ ಎಂದು ಅನುವಾದಿಸಿದರು. ಶಾಲೆಯ ತ್ರಿಕೋನಮಿತಿಯಲ್ಲಿ ಕಲಿಯುವ ಸೈನ್ ಅದೇ. ನಮ್ಮ ಅಂಗಿಯ ಜೇಬು ಆ ಅರಬ್ಬಿ ಜೈಬ್‌ನಿಂದಲೇ ಬಂದದ್ದು.

ಹಡಗಿನಲ್ಲಿ ಬಂದ ಅಲಮಾರು

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಗಿ 1961ರವರೆಗೆ ಅವರ ಕೈಯಲ್ಲೇ ಇತ್ತು. ಕರ್ನಾಟಕದ ಗಡಿಗೆ ಅಂಟಿಕೊಂಡು ನಾಲ್ಕೂವರೆ ಶತಮಾನ ಒಂದು ಭಾಷೆ ಇದ್ದರೆ ಅದರ ಮಾತುಗಳು ಗಡಿ ದಾಟದೆ ಇರುತ್ತವೆಯೇ? ದಾಟಿದವುಗಳಲ್ಲಿ ಬಹಳಷ್ಟು ಹೊಸ ವಸ್ತುಗಳ ಹೆಸರುಗಳು. ಕರಾವಳಿ ಮತ್ತು ಉತ್ತರ ಕರ್ನಾಟಕದ ಬಾಲ್ದಿ ಅವರ ಬಾಲ್ದೆ. ಸಂಬಳಕ್ಕೆ ಹೇಳುವ ಪಗಾರ ಅವರ ಪಗಾರ್, ಅಂದರೆ ಹಣ ಕೊಡುವುದು. ಚಾವಿ ಅವರ ಶಾವೆ.

ಅಲಮಾರು ಅವರ ಅರ್ಮಾರಿಯೊ. ಹತ್ತಿರಹತ್ತಿರ ಎರಡು ರಕಾರಗಳು ಬಂದಾಗ ನಾಲಿಗೆ ಒಂದನ್ನು ಲಕಾರ ಮಾಡಿ ಸುಧಾರಿಸಿಕೊಳ್ಳುವುದುಂಟು. ಅರ್ಮಾರಿಯೊ ಅಲಮಾರಿಯಾದದ್ದು ಹಾಗೆ. ಅದರ ಲ್ಯಾಟಿನ್ ಮೂಲ ಅರ್ಮಾರಿಯಮ್, ಆರ್ಮ ಎಂಬುದರಿಂದ ಹುಟ್ಟಿದ ಪದ. ಆರ್ಮ ಎಂದರೆ ಉಪಕರಣ, ಆಯುಧ. ಸೀರೆ ಮಡಿಸಿಡುವ ಅಲಮಾರಿಗೂ ಸೈನ್ಯಕ್ಕೆ ಇಂಗ್ಲಿಷರು ಹೇಳುವ ಆರ್ಮಿಗೂ ಹೀಗೆ ಮೂಲ ಒಂದೇ.

ಗೋಡೆ ಕಟ್ಟಿಸುವ ಮೇಸ್ತ್ರಿಯೂ ಪೋರ್ಚುಗೀಸರ ಮೆಸ್ತ್ರೆಯೇ. ಅದು ಲ್ಯಾಟಿನ್ನಿನ ಮ್ಯಾಜಿಸ್ಟರ್‌ನಿಂದ ಬಂತು, ಗುರು ಎಂದರ್ಥ. ಅದೇ ಮ್ಯಾಜಿಸ್ಟರ್ ಇಂಗ್ಲಿಷಿನಲ್ಲಿ ಮಾಸ್ಟರ್ ಆಗಿ, ಕನ್ನಡಕ್ಕೆ ಬಂದು ಮೇಷ್ಟ್ರಾಯಿತು. ಮನೆ ಕಟ್ಟುವ ಮೇಸ್ತ್ರಿ, ಪಾಠ ಹೇಳುವ ಮೇಷ್ಟ್ರು ಒಂದೇ ಬಸಿರಿನಿಂದ ಹುಟ್ಟಿ, ಒಬ್ಬ ಗೋವೆಯ ಹಡಗಿನಲ್ಲಿ, ಇನ್ನೊಬ್ಬ ಇಂಗ್ಲಿಷ್ ಶಾಲೆಯ ದಾರಿಯಲ್ಲಿ ಬಂದು ಕನ್ನಡದಲ್ಲಿ ಮತ್ತೆ ಎದುರುಬದುರಾದವರು. ಇಂಥ ಜೋಡಿಗಳು ಭಾಷೆಯಲ್ಲಿ ಬೇಕಾದಷ್ಟಿವೆ, ಆದರೆ ಇಷ್ಟು ಹತ್ತಿರದ ಸದ್ದು ಉಳಿಸಿಕೊಂಡವು ಅಪರೂಪ.

ಹೆಸರನ್ನು ಕಳೆದುಕೊಂಡ ಮೆಣಸು

ಹಡಗುಗಳು ಅಮೆರಿಕ ಖಂಡದ ಬೆಳೆಗಳನ್ನೂ ತಂದವು. ಹೊಸ ಕಾಯಿ, ಹೊಸ ಹಣ್ಣು ಕೈಗೆ ಬಂದಾಗ ಜನ ಮೂರು ಕೆಲಸಗಳಲ್ಲಿ ಒಂದನ್ನು ಮಾಡುತ್ತಾರೆ: ತಂದವರ ಹೆಸರನ್ನೇ ಇಟ್ಟುಕೊಳ್ಳುತ್ತಾರೆ, ಹಳೆಯದೊಂದು ಹೆಸರನ್ನು ಹೊಸದಕ್ಕೆ ದಾಟಿಸುತ್ತಾರೆ, ಇಲ್ಲವೇ ಹೊರಗಿನದು ಎಂಬ ಮುದ್ರೆಯೊತ್ತುತ್ತಾರೆ. ಕನ್ನಡದವರು ಮೂರನ್ನೂ ಮಾಡಿದ್ದಾರೆ.

ಅನಾನಸು ಮೊದಲನೆಯ ಬಗೆ. ಬ್ರೆಜಿಲಿನ ತುಪಿ ಜನರ ನಾನಸ್ ಎಂಬುದು ಪೋರ್ಚುಗೀಸರ ಬಾಯಿ ಹಾದು ನಮ್ಮಲ್ಲಿಗೆ ಬಂತು. ಕರಾವಳಿಯವರ ಬಟಾಟೆಯೂ ಅಂಥದೇ, ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಸಿಹಿಗೆಣಸಿಗೆ ಹೇಳುತ್ತಿದ್ದ ಬತಾತ. ಅದೇ ಗೆಡ್ಡೆಗೆ ಒಳನಾಡಿನವರು ಎರಡನೆಯ ದಾರಿ ಹಿಡಿದರು. ಸಂಸ್ಕೃತದಲ್ಲಿ ಆಲು, ಆಲುಕ ಎಂದರೆ ತಿನ್ನುವ ಗೆಡ್ಡೆ. ಹಿಂದಿಯಲ್ಲಿ ಅದು ಹೊಸ ಗೆಡ್ಡೆಯ ಹೆಸರಾಗಿ ನಿಂತಿತು. ಕನ್ನಡಕ್ಕೆ ಬಂದಾಗ ಬೆನ್ನಿಗೆ ಇನ್ನೊಂದು ಗಡ್ಡೆ ಸೇರಿ ಆಲೂಗಡ್ಡೆಯಾಯಿತು. ಎಳ್ಳೆಣ್ಣೆಯಂತೆ ಇದೂ ಒಂದನ್ನೇ ಎರಡು ಸಲ ಹೇಳುವ ಮಾತು.

ಹೆಸರು ದಾಟಿಸಿದ್ದರಲ್ಲಿ ದೊಡ್ಡ ನಷ್ಟವಾದದ್ದು ಮೆಣಸಿಗೆ. ಮೆಣಸಿನಕಾಯಿ ಬರುವ ಮೊದಲು ಮೆಣಸು ಎಂದರೆ ಪಶ್ಚಿಮ ಘಟ್ಟದ ಬಳ್ಳಿಯ ಕಾಳು ಒಂದೇ. ಆ ಕಾಳನ್ನು ಹುಡುಕಿಕೊಂಡು 1492ರಲ್ಲಿ ಹೊರಟ ಕೊಲಂಬಸ್ ಅಮೆರಿಕಕ್ಕೆ ಹೋಗಿ ಮುಟ್ಟಿದ. ಅಲ್ಲಿಯ ಖಾರದ ಕಾಯಿಯನ್ನು ಕಂಡ ಯೂರೋಪಿನವರು ತಮ್ಮ ಮೆಣಸಿನ ಹೆಸರನ್ನೇ ಅದಕ್ಕೂ ಕೊಟ್ಟರು. ಆ ಕಾಯಿ ಪೋರ್ಚುಗೀಸರೊಂದಿಗೆ ಇಲ್ಲಿಗೆ ಬಂದಾಗ ನಮ್ಮವರು ಮಾಡಿದ್ದೂ ಅದನ್ನೇ: ಮೆಣಸಿನಂತೆ ಖಾರ, ಆದರೆ ಕಾಯಿ, ಆದ್ದರಿಂದ ಮೆಣಸಿನಕಾಯಿ. ಹೊಸದು ಅಗ್ಗವಾಗಿ ಎಲ್ಲ ಹಿತ್ತಿಲಲ್ಲೂ ಬೆಳೆಯತೊಡಗಿದಂತೆ ಬರಿಯ ಮೆಣಸು ಎಂದರೂ ಅನೇಕ ಮನೆಗಳಲ್ಲಿ ಕಾಯಿಯೇ ಎಂದಾಯಿತು. ಹಳೆಯ ಒಡೆಯ ಈಗ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ಒಂದಲ್ಲ ಒಂದು ವಿಶೇಷಣವನ್ನು ಮುಂದಿಟ್ಟುಕೊಂಡೇ ಪರಿಚಯ ಹೇಳಿಕೊಳ್ಳಬೇಕು.

ಮುದ್ರೆಯೊತ್ತಿದ್ದಕ್ಕೆ ಪರಂಗಿ ಹಣ್ಣು ಸಾಕ್ಷಿ. ಶಿಲುಬೆಯುದ್ಧಗಳ ಕಾಲದಲ್ಲಿ ಅರಬ್ಬರು ಫ್ರಾಂಕ್ ಜನರ ಹೆಸರನ್ನು ಯೂರೋಪಿನವರಿಗೆಲ್ಲ ಬಳಸಿದರು. ಅದು ಪರ್ಷಿಯನ್ನಿನ ಫರಂಗಿಯಾಗಿ, ಇಲ್ಲಿ ಪರಂಗಿಯಾಯಿತು. ಪರಂಗಿಯವರು ತಂದ ಹಣ್ಣು ಪರಂಗಿ ಹಣ್ಣು. ಅದು ಬೆಳೆದದ್ದು ಮಧ್ಯ ಅಮೆರಿಕದಲ್ಲಿ, ಹೆಸರು ಮಾತ್ರ ಫ್ರಾನ್ಸಿಗೆ ಹೆಸರು ಕೊಟ್ಟ ಜನರದು. ಸೀಮೆ ಎಂಬುದೂ ಇಂಥದೇ ಮುದ್ರೆ. ಎಲ್ಲೆ, ನಾಡು ಎಂಬ ಅರ್ಥಗಳಿದ್ದ ಸೀಮೆ ಪರನಾಡಿಗೆ ಸಲ್ಲತೊಡಗಿ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು ಎಲ್ಲವೂ ಹೊರಗಿನಿಂದ ಬಂದವು ಎಂದು ಸಾರಿತು. ಸೀಮೆಎಣ್ಣೆಯನ್ನು ಅಕ್ಷರಶಃ ಬಿಡಿಸಿದರೆ ಪರನಾಡಿನ ಎಳ್ಳಿನ ಜಿಡ್ಡು. ನೆಲದಾಳದಿಂದ ಬಂದ ಆ ದ್ರವಕ್ಕೂ ಎಳ್ಳಿಗೂ ಯಾವ ಸಂಬಂಧವೂ ಇಲ್ಲ ಎಂಬುದನ್ನು ಪದ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಸದ್ದು ಒಂದೇ ಆದರೆ ನೆಂಟರೇ?

ಇಷ್ಟು ಓದಿದ ಮೇಲೆ ಸದ್ದು ಹೋಲುವ ಪದಗಳನ್ನೆಲ್ಲ ಜೋಡಿಸುವ ಆಸೆ ಹುಟ್ಟುವುದು ಸಹಜ, ಮತ್ತು ಎಡವುವುದು ಅಲ್ಲೇ. ಉತ್ತರ ಕರ್ನಾಟಕದಲ್ಲಿ ಬೀಗಕ್ಕೆ ಕೀಲಿ ಎನ್ನುತ್ತಾರೆ, ಅದನ್ನು ತೆರೆಯುವುದು ಕೀಲಿಕೈ. ಇಂಗ್ಲಿಷಿನಲ್ಲಿ ಕೀ. ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಆದರೆ ಕೀಲಿಯ ಮೂಲ ಗೂಟ, ಬೆಣೆ ಎಂಬರ್ಥದ ಸಂಸ್ಕೃತದ ಕೀಲ. ಇಂಗ್ಲಿಷಿನ ಕೀ ಹಳೆಯ ಇಂಗ್ಲಿಷಿನದೇ ಆದ ಒಂದು ರೂಪದಿಂದ ಬೇರೆಯಾಗಿ ಬೆಳೆದದ್ದು. ಇಬ್ಬರು ಅಪರಿಚಿತರ ಮೂಗು ಒಂದೇ ಥರ ಇದ್ದಂತೆ ಇದು. ಮೇಜಿನದೂ ಅದೇ ಗೊಂದಲ: ಪರ್ಷಿಯನ್ನಿನಲ್ಲಿ ಮೇಜ್ ಇದೆ, ಪೋರ್ಚುಗೀಸಿನಲ್ಲಿ ಮೇಜಿಗೆ ಮೆಸ ಎನ್ನುತ್ತಾರೆ. ಲ್ಯಾಟಿನ್ನಿನ ಮೆನ್ಸದಿಂದ ಬಂದ ಮೆಸಕ್ಕೂ ಪರ್ಷಿಯನ್ನಿನ ಮೇಜ್‌ಗೂ ಹುಟ್ಟಿನ ನಂಟಿಲ್ಲ. ಕನ್ನಡದ ಮೇಜನ್ನು ಸಾಮಾನ್ಯವಾಗಿ ಪರ್ಷಿಯನ್ ಕಡೆಯದೆಂದೇ ಎಣಿಸುತ್ತಾರೆ.

ಆದ್ದರಿಂದಲೇ ಮೂಲ ಹುಡುಕುವವರು ಒಂದೇ ಸಾಕ್ಷಿಯನ್ನು ನಂಬುವುದಿಲ್ಲ. ಪದ ಮೊದಲು ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ ಕಾಣಿಸಿತು, ಸೋದರ ಭಾಷೆಗಳಲ್ಲಿ ಇದೆಯೇ, ಧ್ವನಿಯ ನಿಯಮಕ್ಕೆ ಹೊಂದುತ್ತದೆಯೇ, ಆ ವಸ್ತು ಇಲ್ಲಿಗೆ ಬಂದದ್ದು ಯಾವಾಗ ಎಂಬುದನ್ನೆಲ್ಲ ಒಟ್ಟಿಗೆ ತೂಗುತ್ತಾರೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ಅವರ ನಿಘಂಟು ತದ್ಭವಗಳ ಮೂಲವನ್ನೂ ಹೊರಗಿನ ಪದಗಳನ್ನೂ ಗುರುತಿಸುತ್ತಾ ಹೋಯಿತು. 1961ರಲ್ಲಿ ಬರೋ ಮತ್ತು ಎಮೆನೋ ಎಂಬ ಭಾಷಾವಿಜ್ಞಾನಿಗಳು ಪ್ರಕಟಿಸಿದ ದ್ರಾವಿಡ ನಿಷ್ಪತ್ತಿಕೋಶ ಕನ್ನಡದ ದೇಶ್ಯ ಪದಗಳನ್ನು ಅವುಗಳ ಒಡಹುಟ್ಟಿದವರ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿತು.

ಬಚ್ಚಲುಮನೆಯ ಗೂಡಿನಲ್ಲಿ

ಬಚ್ಚಲುಮನೆಯ ಗೂಡಿನಲ್ಲಿ ಅಕ್ಕಪಕ್ಕ ಕೂರುವ ಎರಡು ವಸ್ತುಗಳು ಎದುರುಬದುರು ದಿಕ್ಕಿನಲ್ಲಿ ನಡೆದು ಬಂದವು. ಕ್ರಿಸ್ತಶಕ 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಇಂದಿನ ಫ್ರಾನ್ಸಿನ ಕಡೆಯ ಗಾಲ್ ಜನರು ಕೊಬ್ಬು ಮತ್ತು ಬೂದಿಯಿಂದ ಸಾಪೋ ಎಂಬುದನ್ನು ಮಾಡುತ್ತಾರೆಂದು ಬರೆದಿದ್ದಾನೆ. ಅವನು ಹೇಳುವಂತೆ ಅದು ಕೂದಲನ್ನು ಕೆಂಪಗೆ ಮಾಡಿಕೊಳ್ಳುವುದಕ್ಕೆ! ಆ ಸಾಪೋ ಗ್ರೀಕ್, ಅರಬ್ಬಿಗಳನ್ನು ಹಾದು ಪೂರ್ವಕ್ಕೆ ಬಂದು ಸಾಬೂನಾಯಿತು. ಉತ್ತರ ಯೂರೋಪಿನಲ್ಲೇ ಉಳಿದ ಅದರ ದಾಯಾದಿ ಇಂಗ್ಲಿಷಿನ ಮೂಲಕ ತಡವಾಗಿ ಬಂದು ಸೋಪಾಯಿತು. ಸಾಬೂನು ಎನ್ನುವ ಅಜ್ಜಿಯೂ ಸೋಪು ಎನ್ನುವ ಮೊಮ್ಮಗಳೂ ಹೇಳುತ್ತಿರುವುದು ಒಂದೇ ಮಾತನ್ನು.

ಶಾಂಪೂ ಹೊರಟದ್ದು ಇಲ್ಲಿಂದ. ಹಿಂದಿಯಲ್ಲಿ ಚಾಂಪ್‌ನಾ ಎಂದರೆ ಮೈ ಅದುಮುವುದು, ಚಾಂಪೋ ಎಂದರೆ ಅದುಮು ಎಂಬ ಅಪ್ಪಣೆ. 18ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಇಂಗ್ಲಿಷರು ಈ ಮಾತನ್ನು ಕಲಿತರು. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಸೇಕ್ ದೀನ್ ಮಹಮದ್ ಇಂಗ್ಲೆಂಡಿನ ಬ್ರೈಟನ್ ಎಂಬ ಕಡಲತೀರದ ಊರಿನಲ್ಲಿ ಸ್ನಾನಗೃಹ ತೆರೆದು, ಹಬೆಯಲ್ಲಿ ಕೂರಿಸಿ ಮೈ ಅದುಮುವ ಶಾಂಪೂ ಚಿಕಿತ್ಸೆಯಿಂದ ಹೆಸರಾದ. ನಾಲ್ಕನೆಯ ಜಾರ್ಜ್ ದೊರೆಗೂ ಅವನೇ ಶಾಂಪೂ ಮಾಡುವವನಾಗಿದ್ದ. ಆಗ ಆ ಮಾತಿಗೂ ಕೂದಲಿಗೂ ಅಂಥ ಸಂಬಂಧವಿರಲಿಲ್ಲ. 19ನೆಯ ಶತಮಾನ ಮುಂದುವರಿದಂತೆ ಅದುಮುವ ಕೈ ಮೈಯನ್ನು ಬಿಟ್ಟು ತಲೆಗೆ ಬಂತು, ನೊರೆ ಸೇರಿತು; ಆಮೇಲೆ ಕೈಯೂ ಹೋಗಿ ನೊರೆಯ ಹೆಸರಷ್ಟೇ ಉಳಿದು, ಸೀಸೆಯಲ್ಲಿ ತುಂಬಿಕೊಂಡು, ಅಂಟುವಾಳ ಸೀಗೆಕಾಯಿಗಳಿದ್ದ ಗೂಡಿಗೆ ಪರದೇಶದ ವಸ್ತುವಾಗಿ ಮರಳಿ ಬಂತು.